ಹಂಪಮ್ಮನ ಗೂಡಿಗೆ ಇಳಿದ ದಾರಿ

ನಡೆಯೂರು, ಕುಜನ ಕೆಳಕಕ್ಷೆ
ಕುಜವರ್ಷ ನೂರಾ ಹದಿನೇಳು, ಧೂಳುಗಾಲದ ಕೊನೆಯ ವಾರ
ನಿಮ್ಮ ಪಂಚಾಂಗಕ್ಕೆ ತಂದರೆ ಎರಡು ಸಾವಿರದ ಮುನ್ನೂರ ಐವತ್ತರ ಆಸುಪಾಸು

ನಮಗಿಂತ ಮುಂಚೆ ಬದುಕಿದ ಹಿರಿಯರಿಗೆ ಮಾದೇವಿ ಅಂಬಿಗ ಮಾಡುವ ನಮಸ್ಕಾರಗಳು.

ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾವು ಶಾಲೆಯಲ್ಲಿ ಹಳೆಯ ಪಾಠವಾಗಿ ಓದುತ್ತೇವೆ. ಅದರ ಎಷ್ಟೋ ಮಾತುಗಳಿಗೆ ಇಲ್ಲಿ ವಸ್ತುವೇ ಇಲ್ಲ. 'ಬೆಳಗಾಯಿತು' ಎಂದು ನಾವು ಹೇಳುವುದಿಲ್ಲ, ಏಕೆಂದರೆ ನಮಗೆ ಸೂರ್ಯ ದಿನಕ್ಕೆ ಹನ್ನೆರಡು ಸಲ ಹುಟ್ಟುತ್ತಾನೆ. 'ಕೆಳಗೆ' ಎಂದರೆ ಗ್ರಹದ ಕಡೆಗೆ, 'ಮೇಲೆ' ಎಂದರೆ ಗ್ರಹದಿಂದ ಆಚೆಗೆ, ಅಷ್ಟೇ ಅರ್ಥ. ದೋಣಿ ನಡೆಸುವ ಕೆಲಸ ಬಿಡುವವರು, ಬಿಡುವ ಮುನ್ನ, ಹಿಂದಿನ ಕಾಲದವರಿಗೆ ಒಂದು ಓಲೆ ಬರೆಯಬೇಕೆಂಬುದು ದೋಣಿಗಳು ತಂಗುವ ನಮ್ಮ ಧಕ್ಕೆಯ ವಾಡಿಕೆ. ಅದು ನಿಮಗೆ ಹೇಗೆ ತಲುಪುತ್ತದೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಬರೆಯಲು ಕುಳಿತು ಆಗಲೇ ಎರಡು ಮೂರು ಸಲ ಎದ್ದು ಹೋಗಿ ಕಿಟಕಿ ನೋಡಿ ಬಂದೆ. ನೋಡುವಂಥದ್ದು ಅಲ್ಲೇನೂ ಇರಲಿಲ್ಲ. ಕಾಲು ಸುಮ್ಮನಿರುವುದಿಲ್ಲ, ಅಷ್ಟೇ.

ಕುಜನೆಂದರೆ ನಿಮಗೆ ಅಂಜಿಕೆಯಿತ್ತಂತೆ. ಜಾತಕದಲ್ಲಿ ಕುಜದೋಷವಿದೆಯೆಂದು ಹೆಣ್ಣುಮಕ್ಕಳ ಮದುವೆ ನಿಂತುಹೋಗುತ್ತಿತ್ತಂತೆ. ಈಗ ಆ ಕೆಂಪು ಗ್ರಹದ ನೆಲದ ಮೇಲೆ ಎರಡು ಲಕ್ಷ ಜನ ಇದ್ದಾರೆ. ಅದರ ಸುತ್ತ ತಿರುಗುವ ನಮ್ಮೂರಿನಲ್ಲಿ ನಾಲ್ಕು ಸಾವಿರ ಜನ. ಊರೆಂದರೆ ಒಂದು ದೊಡ್ಡ ಗಾಲಿ. ಗಾಲಿ ತನ್ನಷ್ಟಕ್ಕೆ ತಾನು ತಿರುಗುವುದರಿಂದ ಅದರ ಅಂಚಿನಲ್ಲಿರುವ ನಮ್ಮ ಮನೆಗಳಲ್ಲಿ ಕಾಲಿಗೆ ಒಂದಿಷ್ಟು ಭಾರ ಸಿಗುತ್ತದೆ, ಅನ್ನ ತಟ್ಟೆಯಲ್ಲಿ ನಿಲ್ಲುತ್ತದೆ. ಗ್ರಹವನ್ನು ಒಂದು ಬಾರಿ ಬಳಸಿ ಬರುವುದಕ್ಕೆ 'ಸುತ್ತು' ಎನ್ನುತ್ತೇವೆ. ನಿಮ್ಮ ಗಡಿಯಾರದಲ್ಲಿ ಅದು ಎರಡು ಗಂಟೆಗೆ ತುಸು ಕಡಿಮೆ. ಸುತ್ತಿನ ಮೂರರಲ್ಲಿ ಎರಡು ಪಾಲು ಬಿಸಿಲು, ಉಳಿದದ್ದು ಕುಜನ ನೆರಳು. ಒಂದು ಸುತ್ತಿನಲ್ಲಿ ಅಡುಗೆ, ಮೂರು ಸುತ್ತಿನಲ್ಲಿ ಪಾಳಿ, ನಾಲ್ಕು ಸುತ್ತಿನಲ್ಲಿ ನಿದ್ದೆ.

ನಾವು ಗ್ರಹದ ಸೆಳೆತವಿಲ್ಲದ ಜಾಗದಲ್ಲಿ ತೇಲುತ್ತೇವೆಂದು ನಿಮ್ಮಲ್ಲಿ ಬಹಳ ಮಂದಿ ತಿಳಿದಿದ್ದಿರಂತೆ. ಹಾಗಲ್ಲ. ನೆಲದ ಮೇಲಿರುವ ಸೆಳೆತದ ಐದರಲ್ಲಿ ನಾಲ್ಕು ಪಾಲು ಇಲ್ಲಿಯೂ ಇದೆ. ನಾವು ಬೀಳುತ್ತಿದ್ದೇವೆ. ನಾನು ಹುಟ್ಟಿದಂದಿನಿಂದ ಬೀಳುತ್ತಲೇ ಇದ್ದೇನೆ. ಆದರೆ ಬೀಳುವುದರ ಜೊತೆಗೆ ಪಕ್ಕಕ್ಕೆ ಓಡುತ್ತಲೂ ಇದ್ದೇವೆ, ಎಷ್ಟು ರಭಸದಿಂದ ಎಂದರೆ, ನಾವು ಎಷ್ಟು ಬೀಳುತ್ತೇವೋ ಅಷ್ಟೇ ನೆಲವೂ ಗುಂಡಗೆ ಬಾಗಿ ನಮ್ಮಡಿಯಿಂದ ಜಾರಿಕೊಳ್ಳುತ್ತದೆ. ಓಟ ನಿಂತ ದಿನ ಬಿದ್ದುಹೋಗುತ್ತೇವೆ. ಅದಕ್ಕೇ ನಮ್ಮದು ನಡೆಯೂರು. ಗ್ರಹಕ್ಕೆ ಹತ್ತಿರವಾದಷ್ಟೂ ಸೆಳೆತ ಹೆಚ್ಚು, ಆದ್ದರಿಂದ ಓಟವೂ ಹೆಚ್ಚು ಬೇಕು, ದಾರಿಯೂ ಚಿಕ್ಕದು. ದೂರವಾದಷ್ಟೂ ಓಟ ನಿಧಾನ, ದಾರಿ ಉದ್ದ. ಕುಜನ ಒಳಚಂದ್ರ ಗ್ರಹಕ್ಕೆ ಅಂಟಿಕೊಂಡಂತೆ ಓಡುತ್ತದೆ, ಒಂದು ದಿನಕ್ಕೆ ಮೂರು ಬಾರಿ ಸುತ್ತಿ, ನೆಲದವರ ಕಣ್ಣಿಗೆ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಹೊರಚಂದ್ರ ದೂರದ್ದು, ಸೋಮಾರಿ. ಅವೆರಡರ ನಡುವೆ ಒಂದು ಎತ್ತರವಿದೆ; ಅಲ್ಲಿ ಒಂದು ಸುತ್ತಿಗೂ ಕುಜನ ಒಂದು ದಿನಕ್ಕೂ ಸರಿಹೋಗುತ್ತದೆ. ಅಲ್ಲಿಟ್ಟ ಉಪಗ್ರಹ ನೆಲದವರಿಗೆ ನೆತ್ತಿಯ ಮೇಲೆ ಮೊಳೆ ಹೊಡೆದಂತೆ ಕಾಣುತ್ತದೆ. ಅದೂ ಓಡುತ್ತಲೇ ಇದೆ, ನೆಲದ ಜೊತೆಜೊತೆಗೆ.

ಇದರಿಂದ ಒಂದು ವಕ್ರತನ ಹುಟ್ಟುತ್ತದೆ. ನನ್ನ ಕೆಲಸದ ಸಾರವೆಲ್ಲ ಅದೇ. ಒಂದೇ ದಾರಿಯಲ್ಲಿ ನಿಮ್ಮ ಮುಂದೆ ಒಬ್ಬರು ಹೋಗುತ್ತಿದ್ದಾರೆಂದುಕೊಳ್ಳಿ. ಹಿಡಿಯಬೇಕೆಂದು ಮುಂದಕ್ಕೆ ನುಗ್ಗಿದರೆ ದೋಣಿ ಮೇಲಕ್ಕೇರುತ್ತದೆ. ಮೇಲೆ ಓಟ ನಿಧಾನ, ದಾರಿ ಉದ್ದ. ನೀವು ಇನ್ನಷ್ಟು ಹಿಂದೆ ಬೀಳುತ್ತೀರಿ. ಬದಲಿಗೆ ತಡೆ ಹಾಕಬೇಕು. ದೋಣಿ ಕೆಳಗಿಳಿಯುತ್ತದೆ, ಕೆಳಗೆ ಓಟ ಹೆಚ್ಚು, ದಾರಿ ಚಿಕ್ಕದು, ಒಂದು ಸುತ್ತು ಮುಗಿಯುವಷ್ಟರಲ್ಲಿ ಮುಂದಿನವರ ಹತ್ತಿರಕ್ಕೇ ಏಳುತ್ತದೆ. ಅಂಬಿಗರ ಮಕ್ಕಳಿಗೆ ಇದು ಹಾಲು ಕುಡಿಯುವಾಗಲೇ ಗೊತ್ತು. ನೆಲದವರಿಗೆ ಎಷ್ಟು ಹೇಳಿದರೂ ಮೈಗೆ ಹತ್ತುವುದಿಲ್ಲ.

ನನ್ನ ಗಂಡ ಅಮರೇಶ ನೆಲದವನು. ನಮ್ಮ ಊರಿನ ಪಾಚಿತೋಟದಲ್ಲಿ ಕೆಲಸಕ್ಕೆಂದು ಬಂದು, ನನ್ನನ್ನು ಮದುವೆಯಾಗಿ, ಇಲ್ಲಿಯೇ ಉಳಿದ. ಅವನ ತಾಯಿ ಹಂಪಮ್ಮ. ಅವರ ಹಿರೀಕರು ನಿಮ್ಮ ಭೂಮಿಯಲ್ಲಿ ರಾಯಚೂರು ಸೀಮೆಯ ಗಣಿಗಳಲ್ಲಿ ಇಳಿದು ದುಡಿದವರಂತೆ. ಆ ಸೀಮೆಯ ಮಾತು ಕುಜನ ಕಣಿವೆಯೂರುಗಳಲ್ಲಿ ಇನ್ನೂ ಹಾಗೇ ಇದೆ. ಹಂಪಮ್ಮ ಉತ್ತರದ ಹಿಮದಿಂದ ಕಣಿವೆಗೆ ಮಂಜುಗಡ್ಡೆ ಹೇರುವ ಲಾರಿ ಓಡಿಸುತ್ತಿದ್ದರು. ಧೂಳಿನ ಬಿರುಗಾಳಿಯಲ್ಲೂ ಲಾರಿ ನಿಲ್ಲಿಸದವರೆಂದು ಅವರ ಹೆಸರು. ಹಿಮ ತರಲು ಕೊಳವೆ ಬಂದ ಮೇಲೆ ಲಾರಿಗಳು ನಿಂತವು. ಮನೆಯಲ್ಲಿ ಕೂತು ಏನು ಮಾಡಲಿ, ನಿಮ್ಮೂರು ನೋಡಿ ಬರುತ್ತೇನೆ ಎಂದು ಹೊರಟರು. ಮದುವೆಯಲ್ಲಿ ಅವರನ್ನು ನಾನು ಪರದೆಯ ಮೇಲಷ್ಟೇ ಕಂಡಿದ್ದೆ.

ನೆಲದಿಂದ ಬಂದವರು ನೇರವಾಗಿ ಊರೊಳಗೆ ಬರುವಂತಿಲ್ಲ. ಕುಜನ ಧೂಳು, ನೆಲದ ಜ್ವರ ಅಂಟಿ ಬಂದಿದ್ದರೆ ಇಡೀ ಗಾಲಿಗೆ ಹರಡುತ್ತದೆ. ಅದಕ್ಕಾಗಿ ನಮ್ಮದೇ ದಾರಿಯಲ್ಲಿ, ನಮಗಿಂತ ನಲವತ್ತು ಕಿಲೋಮೀಟರು ಮುಂದೆ, ತಡೆಮನೆಯೆಂಬುದು ಹೋಗುತ್ತಿರುತ್ತದೆ. ನಮ್ಮ ಕಿಟಕಿಯಿಂದ ನೋಡಿದರೆ ಮುಂದೆ ಒಂದು ನಕ್ಷತ್ರ. ಅದು ಎಂದೂ ಹತ್ತಿರ ಬರುವುದಿಲ್ಲ, ದೂರವೂ ಆಗುವುದಿಲ್ಲ. ಒಂದೇ ಎತ್ತರ, ಒಂದೇ ಓಟ. ಅಲ್ಲಿ ಗಾಲಿಯಿಲ್ಲ, ಭಾರವಿಲ್ಲ. ಬಂದವರು ಕೆಲವು ವಾರ ತೇಲಿಕೊಂಡೇ ಕಾಯಬೇಕು. ಆ ಸಲ ಬಂದವರು ಹಂಪಮ್ಮ ಒಬ್ಬರೇ.

ಅವರು ಪ್ರತಿ ಸುತ್ತಿಗೂ ಮಾತಾಡಿಸುತ್ತಿದ್ದರು. "ನಿಮ್ಮೂರು ಎದುರಿಗೇ ಕಾಣತೈತಿ. ಎದ್ದು ನಡದ್ರ ಮುಟ್ಟೂ ಹಂಗೈತಿ. ಇಲ್ಲಿ ಕುಂದ್ರಾಕೂ ಆಗಂಗಿಲ್ಲ, ನಿಲ್ಲಾಕೂ ಆಗಂಗಿಲ್ಲ. ಮನಷ್ಯಾ ಆದಾಕಿ ಹಿಂಗ ಎಷ್ಟು ದಿವಸ ತೇಲಬೇಕು?" ಅಲ್ಲಿ ರೊಟ್ಟಿ ಕೊಡುವಂತಿಲ್ಲ, ಮುರಿದರೆ ಚೂರು ಗಾಳಿಯಲ್ಲಿ ಹಾರಿ ಯಂತ್ರಗಳಿಗೆ ಸೇರುತ್ತದೆ. ಮುದ್ದೆಯನ್ನೇ ಕಳಿಸುತ್ತಿದ್ದೆವು. "ಇದನ್ನ ನುಂಗಬೇಕಂತಲ್ಲಾ, ಅಗಿಯಾಕ ಏನರ ಕೊಡ್ರಿ" ಎಂದು ಅದಕ್ಕೂ ಸಿಡಿಮಿಡಿ. ನಾನು ಹೆಚ್ಚು ಮಾತಿನವಳಲ್ಲ. ಹೂಂ ಅತ್ತೆ, ಆಗಲಿ ಅತ್ತೆ ಎನ್ನುತ್ತಿದ್ದೆ. ಅವರು ಅಮರೇಶನಿಗೆ ಕೊಡು ಎನ್ನುತ್ತಿದ್ದರು.

ಕಾಯುವ ಕಾಲ ಇನ್ನೇನು ಮುಗಿಯುತ್ತದೆನ್ನುವಾಗ ತಡೆಮನೆಯ ಗೋಡೆಯ ಒಂದು ಬೆಸುಗೆ ಬಿಟ್ಟಿತು. ಗಾಳಿ ಸೋರತೊಡಗಿತು. ಅಂಥ ಹೊತ್ತಿಗೆಂದೇ ಮನೆಯ ಮಗ್ಗುಲಲ್ಲಿ ಗೂಡು ಇರುತ್ತದೆ, ಒಬ್ಬಿಬ್ಬರು ಮುದುರಿ ಕೂರುವಷ್ಟು ಜಾಗ, ಒಂದು ದುಂಡು ಕಿಟಕಿ. ಹಂಪಮ್ಮ ಗಂಟೆ ಕೇಳಿದ ಕೂಡಲೇ ಅದರೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು, ಗೂಡು ತಾನಾಗಿ ಕಳಚಿಕೊಂಡಿತು. ಅಷ್ಟರ ಮಟ್ಟಿಗೆ ಎಲ್ಲ ನೆಟ್ಟಗಾಯಿತು. ಆದರೆ ಗೂಡಿನಲ್ಲಿದ್ದ ಗಾಳಿ ಒಂದು ಸುತ್ತಿಗಿಂತ ಸ್ವಲ್ಪವೇ ಹೆಚ್ಚು ಹೊತ್ತಿಗೆ ಸಾಲುವಂಥದ್ದು. ಮತ್ತೆ, ಅವರ ಮಾತು ನಮಗೆ ಬರುತ್ತಿತ್ತು, ನಮ್ಮ ಮಾತು ಅವರಿಗೆ ಕೇಳುತ್ತಿರಲಿಲ್ಲ. ಗೂಡಿನ ಕಿವಿ ಸತ್ತಿತ್ತು.

ಅನಿಲ ತುಂಬಿದ ದೊಡ್ಡ ದೋಣಿಯಾಗಿದ್ದರೆ ಈ ವಕ್ರ ದಾರಿಯನ್ನೆಲ್ಲ ಬಿಟ್ಟು ನೇರ ನುಗ್ಗಿಬಿಡಬಹುದಿತ್ತು. ಅದು ನೆಲಕ್ಕೆ ಇಳಿದಿತ್ತು. ಇದ್ದದ್ದು ನನ್ನ ಚಿಕ್ಕ ದೋಣಿ, ಅದರಲ್ಲಿ ಅರೆ ತುಂಬಿದ ತೊಟ್ಟಿ. ಬಾಗಿಲು ಕೂಡಿಸಲು ಇನ್ನೊಬ್ಬರು ಬೇಕಿತ್ತು. ಧಕ್ಕೆಯವರು ಬೇರೆ ಯಾರನ್ನಾದರೂ ಕಳಿಸುವ ಮಾತಾಡಿದರು. ಅಮರೇಶ ಆಗಲೇ ಒಳಗೆ ಕೂತು ಪಟ್ಟಿ ಬಿಗಿದುಕೊಂಡಿದ್ದ.

ಧಕ್ಕೆ ಬಿಟ್ಟ ಕೂಡಲೇ ದೋಣಿಯ ಮೂತಿಯನ್ನು ಹಿಂದಕ್ಕೆ ತಿರುಗಿಸಿದೆ. ಓಟಕ್ಕೆ ಎದುರಾಗಿ ಒಂದು ಊದು ಕೊಡಬೇಕು. ಅನಿಲವನ್ನು ಬಿಟ್ಟು ತಳ್ಳುವುದಕ್ಕೆ ನಾವು ಊದು ಎನ್ನುತ್ತೇವೆ. ಬೇಕಾದದ್ದು ಬಿರುಸಾಗಿ ನಡೆಯುವವನ ವೇಗದಷ್ಟು ತಡೆ ಮಾತ್ರ, ಅದೇ ಒಂದು ಸುತ್ತಿನಲ್ಲಿ ನಲವತ್ತು ಕಿಲೋಮೀಟರು ಗಳಿಸಿಕೊಡುತ್ತದೆ. ಅಮರೇಶ ನನ್ನ ಕೈ ಹಿಡಿದ.

"ಅವ್ವ ಮುಂದ ಅದಾಳ. ನೀ ಹಿಂದಕ್ಕ ಯಾಕ ತಳ್ಳಾಕತ್ತಿ?"

"ನಿಮಗೆ ಗೊತ್ತಿದೆ."

"ಗೊತ್ತೈತಿ. ಆದರೂ ಒಂದೀಟು ಮುಂದಕ್ಕ ಊದು, ಮಾದೇವಿ. ಒಂದೀಟ."

"ಕೈ ಬಿಡಿ" ಎಂದೆ. ಬಿಟ್ಟ. ಊದು ಕೊಟ್ಟೆ. ಕಿಟಕಿಯಲ್ಲಿ ನಡೆಯೂರಿನ ಗಾಲಿ ನಮ್ಮನ್ನು ಬಿಟ್ಟು ಮೇಲಕ್ಕೂ ಮುಂದಕ್ಕೂ ಸರಿಯಿತು. ಮುಂದಿನ ನಕ್ಷತ್ರವೂ ಸರಿಯಿತು. ಮೊದಲ ಕಾಲು ಸುತ್ತಿನಲ್ಲಿ ಹೀಗೆಯೇ: ದೋಣಿ ಇಳಿಯುತ್ತದೆ, ಇಳಿದದ್ದೊಂದೇ ಬಂತು, ಹತ್ತಿರವೇನೂ ಆಗುವುದಿಲ್ಲ. ನಾನು ಎಷ್ಟೋ ಸಲ ಹಾಗೆ ಇಳಿದಿದ್ದೇನೆ. ಅಂದು ನನಗೂ ತಡೆಯಲಾಗಲಿಲ್ಲ. ಕೈ ಸನ್ನೆಗೋಲಿನ ಮೇಲೆಯೇ ಇತ್ತು, ಒತ್ತಲಿಲ್ಲ ಅಷ್ಟೇ.

ಅತ್ತೆಯ ಮಾತು ಬರುತ್ತಲೇ ಇತ್ತು. ಕೇಳುವವರಿದ್ದಾರೋ ಇಲ್ಲವೋ ಎಂಬುದನ್ನೇ ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. "ಬಂದ್ರು ಬಂದ್ರು. ದೀಪ ಕಾಣತೈತಿ. ಬಾ ತಮ್ಮಾ, ನಾ ಇಲ್ಲೇ ಅದೀನಿ." ಅಮರೇಶ ಬಾಯಿಗೆ ಅಂಗೈ ಒತ್ತಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ: "ಇದೇನು, ದೂರ ಆಗಾಕತ್ತೀರಲ್ಲಾ. ಸಣ್ಣ ಆತು ದೀಪ." ಆಮೇಲೆ, ದನಿ ತಗ್ಗಿಸಿ: "ಕೆಳಗ ಹೊಂಟೀರಿ."

ತನ್ನನ್ನು ಬಿಟ್ಟುಹೋಗುತ್ತಿದ್ದಾರೆಂದು ಅವರು ತಿಳಿದುಕೊಳ್ಳಬಹುದೆಂದು ನಾನು ಅಂಜಿದ್ದೆ. ಅವರು ಹಾಗೆ ತಿಳಿಯಲಿಲ್ಲ.

"ಅಯ್ಯೋ ದೇವರೇ, ಬೀಳಾಕತ್ತೀರಿ. ಇಂಜಿನ್ ಕೆಟ್ಟೈತೇನು? ತಮ್ಮಾ, ಹೆದರಬ್ಯಾಡ. ಆ ಹುಡುಗಿಗೂ ಹೇಳು ಹೆದರಬ್ಯಾಡ ಅಂತ. ನಾ ಬರ್ತೀನಿ. ನನ್ನ ಕಡೆ ಒಂದು ಸನ್ನೆಗೋಲು ಐತಿ. ನಿಮ್ಮ ಕಡೆ ತಿರುವೀನಿ. ಬರ್ತೀನಿ."

"ಬ್ಯಾಡವ್ವಾ" ಎಂದ ಅಮರೇಶ, ಸತ್ತ ಕಿವಿಗೆ.

ಗೂಡಿನಲ್ಲಿಯೂ ಒಂದಿಷ್ಟು ಅನಿಲವಿರುತ್ತದೆ, ಒಡೆದ ಮನೆಯಿಂದ ಸ್ವಲ್ಪ ಸರಿದುಕೊಳ್ಳಲಿಕ್ಕೆ. ಅವರು ಅದನ್ನು ಒತ್ತಿದರು. ಮಾತಿನ ಯಂತ್ರದಲ್ಲಿ ಸುಂಯ್ ಎಂಬ ಸದ್ದು ಬಂತು. ನಾನು ಅದನ್ನು ಕೇಳುತ್ತ ಮನಸ್ಸಿನಲ್ಲಿ ಎಣಿಸಿದೆ. ಎಷ್ಟು ಹೊತ್ತು ಒತ್ತಿದರೋ ಅಷ್ಟು ಬದಲಾಗುತ್ತದೆ ಅವರ ದಾರಿ. ನಾವು ಅವರ ಹಿಂದೆ, ಕೆಳಗೆ ಇದ್ದೆವು. ಅವರು ನಮ್ಮ ಕಡೆಗೆ ತಳ್ಳಿಕೊಂಡರು. ಎಂದರೆ ತಮ್ಮ ಓಟಕ್ಕೇ ತಡೆ ಹಾಕಿಕೊಂಡರು. ಕೆಲವು ನಿಮಿಷ ಅವರಿಗೆ ನಮ್ಮ ಹತ್ತಿರ ಬರುತ್ತಿರುವಂತೆಯೇ ಕಂಡಿರಬೇಕು. "ಬಂದೆ, ಬಂದೆ" ಎನ್ನುತ್ತಿದ್ದರು. ಆದರೆ ತಡೆ ಬಿದ್ದ ಗೂಡು ಇಳಿಯುತ್ತದೆ, ಇಳಿದದ್ದು ಬೇಗ ಓಡುತ್ತದೆ, ಬೇಗ ಓಡಿದ್ದು ನಮ್ಮಿಂದ ದೂರವಾಗುತ್ತದೆ. ನಮ್ಮನ್ನು ಉಳಿಸಲು ಹೊರಟ ಹಂಪಮ್ಮ ನಾವು ಏಳಬೇಕಾಗಿದ್ದ ಜಾಗದಿಂದ ಹತ್ತು ಕಿಲೋಮೀಟರು ಮುಂದಕ್ಕೆ ಹೋಗುತ್ತಿದ್ದರು.

ನಾನು ಇನ್ನೊಂದು ಊದು ಕೊಟ್ಟು ಮತ್ತೂ ಇಳಿಯಬೇಕಾಯಿತು. ತಡೆ ಹಾಕಿದಷ್ಟು ಅನಿಲ ಕೊನೆಯಲ್ಲಿ ಅವರ ಓಟಕ್ಕೆ ಸರಿಹೊಂದಿಸಲೂ ಬೇಕು. ತೊಟ್ಟಿಯ ಮುಳ್ಳು ನೋಡಿದೆ, ನೋಡಬಾರದಿತ್ತು ಅನ್ನಿಸಿತು. ಅವರು ಇನ್ನೊಂದು ಸಲ ಒತ್ತಿದರೆ ಹಿಡಿಯಲು ನನ್ನಿಂದಾಗುತ್ತಿರಲಿಲ್ಲ. ಮತ್ತೆ, ನಾನು ಹೆಚ್ಚು ಇಳಿದಷ್ಟೂ ಅವರು ಒತ್ತುವ ಸಂಭವ ಹೆಚ್ಚು.

"ಇನ್ನೂ ಕೆಳಗ ಹೊಂಟ್ರು" ಎಂಬ ದನಿ ಬಂತು. "ಕುಜಪ್ಪನ ಅಂಚಿಗೆ ಹೋದ್ರು. ಕೆಂಪಿನಾಗ ಕಾಣವಲ್ರು." ಆಮೇಲೆ ಮಾತು ನಿಂತಿತು.

ಅಷ್ಟು ವಾರಗಳಲ್ಲಿ ಅವರ ಮಾತು ನಿಂತದ್ದನ್ನು ನಾನು ಕೇಳಿರಲಿಲ್ಲ. ಯಂತ್ರದಲ್ಲಿ ಅವರ ಉಸಿರು ಮಾತ್ರ. ನಮ್ಮ ದೋಣಿ ಬಿಸಿಲು ಬಿದ್ದ ಕೆಂಪು ನೆಲದ ಎದುರು ಕರಗಿಹೋಗಿತ್ತು; ಅವರ ಕಣ್ಣಿನಲ್ಲಿ ನಾವಿಬ್ಬರೂ ಬಿದ್ದು ಸುಟ್ಟುಹೋಗಿದ್ದೆವು. ಅಮರೇಶ ಪಟ್ಟಿ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದ. ನನಗೆ ಅವನ ಮೇಲೆ ಸಿಟ್ಟು ಬಂತು. ಸುಮ್ಮನೆ ಕೂತುಕೊಳ್ಳಿ ಎಂದು ಗದರಿದೆ. ಅವನು ನನ್ನ ಮುಖ ನೋಡಿ, "ಈ ದೋಣಿಯ ದೊಡ್ಡ ದೀಪ ಆರಿಸಿ ಹಚ್ಚಾಕ ಬರತೈತೇನು?" ಎಂದ.

ಹಿಮದ ಲಾರಿಯವರಿಗೆ ಧೂಳಿನಲ್ಲಿ ದೀಪದ ಮಾತೊಂದಿದೆಯಂತೆ. ಬಿರುಕು ಬಿಟ್ಟ ನೆಲದಲ್ಲಿ ಎದುರಿನ ಲಾರಿಯತ್ತ ನೇರ ಹೋದರೆ ಕಂದರಕ್ಕೆ ಬೀಳುತ್ತಾರೆ. ಅದಕ್ಕೆ ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಬೆಳಕು ತೋರಿಸುತ್ತಾರೆ: ನೀನು ನಿಂತಲ್ಲೇ ನಿಲ್ಲು, ನಾನು ಬಳಸಿ ಬರುತ್ತೇನೆ. ಅಮರೇಶ ಚಿಕ್ಕವನಿದ್ದಾಗ ತಾಯಿಯ ಮಗ್ಗುಲಲ್ಲಿ ಕೂತು ಅದನ್ನು ಕಲಿತಿದ್ದನಂತೆ. ಅಷ್ಟು ವರ್ಷದ ಸಂಸಾರದಲ್ಲಿ ಅವನು ನನಗೆ ಅದನ್ನು ಹೇಳಿರಲಿಲ್ಲ, ಹೇಳಲು ಕಾರಣವೂ ಇರಲಿಲ್ಲ. ಆದರೆ ಬಿಸಿಲು ಬಿದ್ದ ನೆಲದ ಎದುರು ನಮ್ಮ ದೀಪ ಅವರಿಗೆ ಕಾಣುವಂತಿರಲಿಲ್ಲ. ನೆರಳು ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಅವರ ಕೈ ಏನು ಮಾಡುತ್ತದೋ. ಕಾಯುವುದೆಂದರೆ ಏನೆಂದು ನನಗೆ ಅಂದು ಗೊತ್ತಾಯಿತು; ಮೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಪ್ರತಿ ಕ್ಷಣಕ್ಕೂ ಓಡುತ್ತ, ಬೆರಳು ಅಲುಗಿಸದೆ ಕೂತಿರುವುದು.

ನೆರಳು ಬಂತು. ಕೆಳಗಿನ ಕೆಂಪು ಒಮ್ಮೆಗೇ ಆರಿಹೋಯಿತು. ಅಮರೇಶ ದೀಪದ ಗುಂಡಿಗೆ ಕೈ ಹಾಕಿದ. ಉದ್ದ, ಗಿಡ್ಡ, ಉದ್ದ. ಮತ್ತೆ ಉದ್ದ, ಗಿಡ್ಡ, ಉದ್ದ. ಗೂಡಿನ ಕಿಟಕಿ ಯಾವ ಕಡೆಗಿತ್ತೋ ನಮಗೆ ತಿಳಿಯದು. ಅವನು ತೋರಿಸುತ್ತಲೇ ಹೋದ. ಎಷ್ಟೋ ಹೊತ್ತಿನ ಮೇಲೆ ಉಸಿರಿನ ನಡುವೆ ಒಂದು ಮಾತು ಬಂತು.

"ಓ."

ಮತ್ತೆ, "ನಿಲ್ಲು ಅಂತಾನ. ಬಳಸಿ ಬರ್ತೀನಿ ಅಂತಾನ. ಹಂಗಾರ ಬಿದ್ದಿಲ್ಲ." ಅವರು ಅತ್ತರೋ ನಕ್ಕರೋ ಯಂತ್ರದಲ್ಲಿ ಗೊತ್ತಾಗಲಿಲ್ಲ. "ಆತು ತಮ್ಮಾ. ಕೈ ತಗದೀನಿ ನೋಡು. ಎರಡೂ ಕೈ ಕಂಕುಳಾಗ ಇಟಗೊಂಡೀನಿ."

ಉಳಿದ ಅರ್ಧ ಸುತ್ತು ಅವರು ಮಾತಾಡುತ್ತಲೇ ಇದ್ದರು, ಕೈ ಕಟ್ಟಿದ ಮೇಲೆ ಬಾಯಿಯನ್ನಾದರೂ ಆಡಿಸಬೇಕಲ್ಲ. ಗೂಡಿನ ಗಾಳಿ ಕೆಡುತ್ತಿದ್ದಂತೆ ಮಾತು ತೊದಲುತ್ತಿತ್ತು. ಲಾರಿಯ ಕಥೆ, ಕೊಳವೆ ಹಾಕಿದವರಿಗೆ ಬೈಗುಳ, ನಡುವೆ ನನ್ನ ವಿಷಯವೂ ಬಂತು. "ನಿನ್ನ ಹೇಣ್ತಿ ಹೂಂ ಅನ್ನೂದು ಬಿಟ್ರ ಒಂದು ಮಾತಾಡಂಗಿಲ್ಲ. ನನಗ ಸಿಟ್ಟು ಬರತಿತ್ತು. ಆದರ ತಮ್ಮಾ, ಈಗ ಕತ್ತಲದಾಗ ಗಾಡಿ ಹೊಡ್ಯಾಕತ್ತಾಳಲ್ಲಾ, ಹೊಡಿಯುವಾಗ ಮಾತಾಡಬಾರದು. ನಾನೂ ಮಾತಾಡತಿರಲಿಲ್ಲ." ಅಮರೇಶ ದೀಪ ಬಿಟ್ಟು ನನ್ನ ಕಡೆ ತಿರುಗಿದ. ನಾನು ಮುಳ್ಳುಗಳನ್ನೇ ನೋಡುತ್ತಿದ್ದೆ.

ಸುತ್ತು ಮುಗಿಯುವ ಹೊತ್ತಿಗೆ, ಬಿಸಿಲು ಮರಳಿ ಬಂದಾಗ, ದೋಣಿ ಅವರ ಅಡಿಯಿಂದ ಮೇಲೇರಿ, ಸ್ವಲ್ಪ ಮುಂದೆ ಹೋಗಿ, ಎದುರಿನಿಂದ ಅವರ ಬಳಿಗೆ ಬಂತು. ಹಿಂದಿನಿಂದ ಹೊರಟವರು ಎದುರಿನಿಂದ ಬರುವುದು ನಮ್ಮ ದಾರಿಯ ರೀತಿ. ಗೂಡಿನ ಕಿಟಕಿ ಹಿಂದಕ್ಕೆ ತಿರುಗಿತ್ತು, ಅವರು ಅದಕ್ಕೆ ಮುಖ ಒತ್ತಿ ನಮ್ಮನ್ನೇ ಹುಡುಕುತ್ತಿದ್ದರು. ನಾನು ಓಟ ಸರಿಹೊಂದಿಸಿ ಬಾಗಿಲಿಗೆ ಬಾಗಿಲು ಕೂಡಿಸಿದೆ. ಅಮರೇಶ ತೆರೆದಾಗ ಕೆಟ್ಟ ಗಾಳಿ ಮುಖಕ್ಕೆ ಹೊಡೆಯಿತು. ಅವರ ತುಟಿ ನೀಲಿಯಾಗಿತ್ತು, ಕಣ್ಣು ಅರೆ ಮುಚ್ಚಿತ್ತು, ಕೈಗಳೆರಡೂ ನಿಜವಾಗಿಯೂ ಕಂಕುಳಲ್ಲಿದ್ದವು. ಅವನು ಅವನ್ನು ಬಿಡಿಸಬೇಕಾಯಿತು.

ತೊಟ್ಟಿಯಲ್ಲಿ ಉಳಿದದ್ದು ಒಂದು ಸಣ್ಣ ಊದಿಗೆ ಮಾತ್ರ ಸಾಲುವಷ್ಟು. ಊರು ನಮ್ಮ ಹಿಂದಿತ್ತು. ಹಿಂದಿನವರು ಬಂದು ನಮ್ಮನ್ನು ಮುಟ್ಟಬೇಕಾದರೆ ನಾವು ಮುಂದಕ್ಕೆ ಊದಿ ಸ್ವಲ್ಪ ಮೇಲಕ್ಕೇರಿ ನಿಧಾನವಾಗಬೇಕು. ಸಣ್ಣ ಊದಾದ್ದರಿಂದ ಸಣ್ಣ ಏರು. ಊರು ನಮ್ಮನ್ನು ಹಿಡಿಯಲು ಒಂಬತ್ತು ಸುತ್ತು ಬೇಕಾಯಿತು, ನಿಮ್ಮ ಲೆಕ್ಕದ ಮುಕ್ಕಾಲು ದಿನ. ಇಬ್ಬರಿಗೆಂದು ಮಾಡಿದ ದೋಣಿಯಲ್ಲಿ ಮೂವರು, ಮೊಣಕಾಲಿಗೆ ಮೊಣಕಾಲು. ಎರಡು ಸುತ್ತು ಅವರು ಮಲಗಿದರು. ಎದ್ದವರು ನನ್ನನ್ನು ಕೇಳಿದರು.

"ಯಾಕ ಇಳದಿ ಹೇಳು. ಹೂಂ ಅನಬ್ಯಾಡ. ಬಿಡಿಸಿ ಹೇಳು."

ಹೇಳಿದೆ. ನಿಮಗೆ ಮೇಲೆ ಬರೆದಷ್ಟನ್ನೂ ಹೇಳಿದೆ: ಬೀಳುವುದು, ನೆಲ ಬಾಗುವುದು, ಕೆಳಗಿನ ಓಟ, ಮೇಲಿನ ನಿಧಾನ. ಅವರು ನಡುನಡುವೆ ತಡೆದು ಕೇಳಿದರು, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ನೋಡಿದರು. ಕೊನೆಗೆ ತಮ್ಮ ಗೂಡಿನ ದಾರಿಯನ್ನೂ ಎಳೆದರು.

"ಹಂಗಾರ ನಿಮ್ಮನ್ನ ಉಳಸಾಕ ಹೋಗಿ, ಇನ್ನೊಮ್ಮೆ ಒತ್ತಿದ್ರ, ಮುಗಸತಿದ್ದೆ."

"ಹೌದು ಅತ್ತೆ."

"ಸುಳ್ಳು ಹೇಳಿ ಸಮಾಧಾನ ಮಾಡಾಕಿ ಅಲ್ಲ ನೀ" ಎಂದರು. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಭಾರವಿಲ್ಲದ ಕೈ; ತೇಲಿಹೋಗದಂತೆ ಕೂದಲನ್ನು ಹಿಡಿದುಕೊಂಡಿದ್ದರು.

ಅವರು ನಡೆಯೂರಿನಲ್ಲಿ ಒಂದು ಧೂಳುಗಾಲ ಇದ್ದರು, ಆಮೇಲೆ ಆಗಲಿಲ್ಲ. ಗಾಲಿಯ ಅಂಚಿನಲ್ಲಿ ನಡೆನಡೆದು ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದರು. "ಇಲ್ಲಿ ಎಲ್ಲಾ ಓಡತಾವ, ಎಲ್ಲಿಗೂ ಹೋಗಂಗಿಲ್ಲ" ಎಂದು ಒಂದು ದಿನ ಹೇಳಿ ನೆಲಕ್ಕಿಳಿದರು. ಈಗ ಕಾಲು ಸೋತಿದೆ. ಅಮರೇಶ ಕಳೆದ ವರ್ಷ ಅವರ ಬಳಿಗೆ ಹೋದ. ನಾನು ದೋಣಿ ಬಿಟ್ಟಿರಲಾರದೆ ಇಲ್ಲಿ ಉಳಿದೆ, ಅವರಿಬ್ಬರನ್ನು ಬಿಟ್ಟಿರಲಾರದೆ ಈಗ ಹೊರಟಿದ್ದೇನೆ. ನಿಲ್ಲುವ ನೆಲವನ್ನು ನಾನು ಮೆಟ್ಟಿದವಳಲ್ಲ. ಬೀಳದೆ ಇರುವುದು ಹೇಗಿರುತ್ತದೋ, ನಿದ್ದೆ ಬರುತ್ತದೋ ಇಲ್ಲವೋ, ನನಗೆ ತಿಳಿಯದು. ನಿಮಗೆ ತಿಳಿದಿತ್ತು, ನೀವು ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ.

ನನ್ನದೊಂದು ಕೋರಿಕೆಯಿದೆ. ನಿಮ್ಮ ಕಾಲದಲ್ಲಿ ಯಾರೋ ಶಾಲೆಯ ಮಕ್ಕಳಿಗೆ ಈ ಕಕ್ಷೆಗಳ ಪಾಠವನ್ನು ಹೇಳುತ್ತಿರುತ್ತೀರಿ. ಹಲಗೆಯ ಮೇಲೆ ವೃತ್ತ ಬರೆದು, ಹಿಂದಿನ ದೋಣಿ ಹೀಗೆ ಇಳಿದು ಹೀಗೆ ಏಳುತ್ತದೆಂದು ತೋರಿಸುತ್ತೀರಿ. ದಯವಿಟ್ಟು ಅದನ್ನು ಒಮ್ಮೆ ಮುಂದಿನ ಗೂಡಿನಲ್ಲಿ ಕೂತವರ ಕಡೆಯಿಂದಲೂ ಹೇಳಿ. ಅವರ ಕಿಟಕಿಯಲ್ಲಿ ಏನು ಕಾಣುತ್ತದೆಂದು ಮಕ್ಕಳನ್ನು ಕೇಳಿ. ನಾವು ಕಲಿತ ಪಾಠದಲ್ಲಿ ಅದೊಂದು ಇರಲಿಲ್ಲ.

ನೆಲಕ್ಕಿಳಿಯುವ ದೋಣಿಯ ಲೆಕ್ಕ ಹೀಗಿದೆ: ಒಂದು ಊರಿನಲ್ಲಿ ಇಳಿಯಬೇಕಾದರೆ ಅರ್ಧ ಸುತ್ತು ಮುಂಚೆಯೇ ತಡೆ ಹಾಕಬೇಕು. ಎಂದರೆ ಅತ್ತೆಯ ಮನೆಗೆ ಹೊರಡುವ ಗಳಿಗೆಯಲ್ಲಿ ನಾನು ಗ್ರಹದ ಆಚೆ ಮಗ್ಗುಲಲ್ಲಿ, ಅವರಿಂದ ಎಷ್ಟು ದೂರವಿರಲು ಸಾಧ್ಯವೋ ಅಷ್ಟು ದೂರದಲ್ಲಿರುತ್ತೇನೆ. ನಿನ್ನೆ ಅವರು ಕೇಳಿದರು, "ನೀ ಹೊರಡೂದು ನಮಗ ಕಾಣತೈತೇನು?" ಕಾಣುವುದಿಲ್ಲ ಅತ್ತೆ, ನಡುವೆ ಇಡೀ ಕುಜನಿರುತ್ತಾನೆ ಎಂದೆ. ಅವರು ಲೆಕ್ಕ ಹಾಕಿರಬೇಕು, ಸ್ವಲ್ಪ ತಡವಾಗಿ ಉತ್ತರ ಬಂತು.

"ಆಗಲಿ. ನೀ ಅತ್ತಾಗ ಹೊಂಡು. ನಾ ಇತ್ತಾಗ ಹೊರಗ ಬಂದು ನಿಂತಿರ್ತೀನಿ."

ಕಾಲು ಸೋತಿದೆಯಲ್ಲ ಅತ್ತೆ, ಕೂತಿರಿ ಎಂದೆ. ಅವರು ಆಗಲೇ ಅಮರೇಶನಿಗೆ ಕೋಲು ತರಲು ಹೇಳುತ್ತಿದ್ದರು.

ಇಂತು, ಇನ್ನೂ ನೆಲ ಮುಟ್ಟದ
ಮಾದೇವಿ ಅಂಬಿಗ